ಕುರ್ಚಿಗೊಂದು ಕೋಟು

"ನಾ ಕಣ್ಣಾರೆ ನೋಡೇನ್ರಿ ಹವಾಲ್ದಾರ್ರ. ಸೋಮವಾರ ಮುಂಜಾನೆ ರಾವಸಾಹೇಬ ತನ್ನ ಸೀಟಿನ್ಯಾಗ ಇದ್ದ. ಬೇಕಂದ್ರ ದೇವರ ಮ್ಯಾಲ ಆಣಿ ಮಾಡ್ತೀನಿ."

ಹೆಡ್ ಕ್ಲರ್ಕ್ ಸಂಜಯ ಮಗದುಮ್ ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡ. ಎಡಗೈಯಲ್ಲಿದ್ದ ಮೊಬೈಲಿನಲ್ಲಿ ಕ್ರಿಕೆಟ್ ನಡೆದಿತ್ತು. ಆಣೆ ಮುಗಿಯುವುದರೊಳಗೆ ಯಾರೋ ಔಟಾದರು, ಅವನ ಕಣ್ಣು ಅತ್ತ ಹೋಯಿತು.

"ಅಂವಾ ಏನ್ ಮಾಡಾಕತ್ತಿದ್ದ?" ಎಂದು ಕೇಳಿದ ಲಾಲಸಾಬ.

"ಸೀಟಿನ್ಯಾಗ ಇದ್ದ."

"ಅದಾತು. ಏನ್ ಮಾಡಾಕತ್ತಿದ್ದ? ಬರ್ಯಾಕತ್ತಿದ್ನೋ, ನಿದ್ದಿ ಹೊಡ್ಯಾಕತ್ತಿದ್ನೋ?"

"ಇದ್ದ ಅಂತೀನಲ್ರೀ, ಮತ್ತೇನ್ ಹೇಳ್ಬೇಕು?"

ಲಾಲಸಾಬ ಮುಜಾವರ ಪೊಲೀಸ್ ಇಲಾಖೆಯಲ್ಲಿ ಹವಾಲ್ದಾರನಾಗಿ ದುಡಿದು ನಿವೃತ್ತನಾದವನು. ನಿಪ್ಪಾಣಿಯ ತಂಬಾಕು ಗೋದಾಮಿನ ಕಳ್ಳರಿಂದ ಹಿಡಿದು ಅಥಣಿಯ ಎಮ್ಮೆಗಳ್ಳರವರೆಗೆ ಎಂತೆಂಥವರನ್ನೋ ಎದುರು ಕೂರಿಸಿಕೊಂಡು ಮಾತಾಡಿಸಿದ್ದ. ಅವರೆಲ್ಲ ಒಂದು ಸುಳ್ಳು ಹೇಳಬೇಕಾದರೆ ಸ್ವಲ್ಪವಾದರೂ ತಲೆ ಕೆಡಿಸಿಕೊಳ್ಳುತ್ತಿದ್ದರು. ಈ ಕಚೇರಿಯ ಮಂದಿಗೆ ಅಷ್ಟು ದುಡಿಮೆಯೂ ಭಾರವಾಗಿತ್ತು.

ಪ್ರವಾಹ ಸಾಮಗ್ರಿ ಉಗ್ರಾಣದ ಸ್ಟೋರ್‌ಕೀಪರ್ ರಾವಸಾಹೇಬ ಕಾಂಬಳೆ ಬೋಟಿನ ಮಷೀನುಗಳನ್ನು ಕದ್ದು ಓಡಿಹೋಗಿದ್ದಾನೆ ಎಂದು ಕಚೇರಿ ಹೇಳುತ್ತಿತ್ತು. ಅವನ ಹೆಂಡತಿ ಸುಂದರಾ ಇಲ್ಲ ಎನ್ನುತ್ತಿದ್ದಳು. ಅವಳ ಮಾತನ್ನು ನಂಬಿದವನು ರಾವಸಾಹೇಬನ ಹಳೆಯ ಗೆಳೆಯ ಲಾಲಸಾಬ ಒಬ್ಬನೇ.

ಕಚೇರಿಯ ಲೆಕ್ಕ ಸರಳವಾಗಿತ್ತು. ಶುಕ್ರವಾರ ಕಚೇರಿಯ ಮುಖ್ಯಸ್ಥರಾದ ಇಂಗಳೆ ಸಾಹೇಬರು ತಾವೇ ಉಗ್ರಾಣಕ್ಕೆ ಹೋಗಿ ಮಷೀನುಗಳನ್ನು ನೋಡಿದ್ದರಂತೆ. ಮಂಗಳವಾರ ಮಷೀನಿನ ಪೆಟ್ಟಿಗೆಗಳನ್ನು ತೆಗೆದರೆ ಒಳಗೆ ಇಟ್ಟಿಗೆಗಳು. ನಡುವೆ ಸೋಮವಾರ ಕೆಲಸಕ್ಕೆ ಬಂದು, ಕೀಲಿ ಹಿಡಿದುಕೊಂಡು ಇದ್ದವನು ರಾವಸಾಹೇಬ. ಅವತ್ತು ಸಂಜೆಯಿಂದ ಅವನ ಸುಳಿವಿಲ್ಲ. ಇನ್ನೇನು ಬೇಕು?

ಸುಂದರಾ ಹೇಳುವುದೇ ಬೇರೆ. ಶನಿವಾರ ಮುಂಜಾನೆ ಗಂಡ ಮನೆ ಬಿಟ್ಟಿದ್ದ. ಉಗಾರದ ಕಡೆ ಹೊಳೆದಂಡೆಯ ನಿಗಾ ಕೇಂದ್ರದಲ್ಲಿ ಎರಡು ರಾತ್ರಿ ಡ್ಯೂಟಿ, ಸೋಮವಾರ ಅಲ್ಲಿಂದಲೇ ನೇರ ಆಫೀಸಿಗೆ ಹೋಗುತ್ತೇನೆ ಎಂದಿದ್ದ. ಹೊಳೆದಂಡೆಯಲ್ಲಿ ಮೊಬೈಲು ಸರಿಯಾಗಿ ಹತ್ತುವುದಿಲ್ಲವೆಂದು ಅವಳು ಚಿಂತೆ ಮಾಡಿರಲಿಲ್ಲ. ಆ ನಿಗಾ ಕೇಂದ್ರವನ್ನು ಲಾಲಸಾಬ ನಿನ್ನೆ ಹೋಗಿ ನೋಡಿ ಬಂದಿದ್ದ. ಒಂದು ಬೀಗ, ಒಂದು ಬೋರ್ಡು, ಬಾಗಿಲಲ್ಲಿ ಮಲಗಿದ್ದ ಆಡುಗಳು. ಇಡೀ ಮಳೆಗಾಲ ಅಲ್ಲಿ ಹಗಲೂ ರಾತ್ರಿ ನಿಗಾ ಇಟ್ಟವು ಆ ಆಡುಗಳೇ.

ಇವತ್ತು ಸುಂದರಾಳನ್ನು ಕಚೇರಿಗೆ ಕರೆಸಿದ್ದರು. ಗಂಡ ಹೇಳದೆ ಕೇಳದೆ ಹೋಗಿದ್ದಾನೆ, ಕಚೇರಿಯ ಮೇಲೆ ತನ್ನದೇನೂ ತಕರಾರಿಲ್ಲ ಎಂಬ ಹಾಳೆಗೆ ಸಹಿ ಮಾಡಬೇಕಿತ್ತು. ಅದನ್ನು ಜೋಡಿಸಿಕೊಂಡು ಕಳ್ಳತನದ ದೂರು ಸಂಜೆಯೊಳಗೆ ಪೊಲೀಸರಿಗೆ ಹೋಗುತ್ತದೆ. ಆಮೇಲೆ ಪೊಲೀಸರು ಹುಡುಕುವುದು ಒಬ್ಬ ಕಳ್ಳನನ್ನು. ಕೊಲ್ಹಾಪುರದ ಲಾಡ್ಜುಗಳಲ್ಲಿ, ಮೀರಜ್ ಸ್ಟೇಷನ್ನಿನಲ್ಲಿ ಹುಡುಕುತ್ತಾರೆ. ಇಲ್ಲೇ ಎಲ್ಲೋ ಆಪತ್ತಿನಲ್ಲಿ ಬಿದ್ದಿರಬಹುದಾದ ಮನುಷ್ಯನನ್ನು ಯಾರೂ ಹುಡುಕುವುದಿಲ್ಲ. ಇದು ಸುಂದರಾಳಿಗೆ ಗೊತ್ತಿತ್ತು. ಆದ್ದರಿಂದಲೇ "ಲಾಲಸಾಬಣ್ಣ ಹೇಳಿದ್ರ ಸಹಿ ಮಾಡ್ತೀನಿ, ಇಲ್ಲಂದ್ರ ಇಲ್ಲ" ಎಂದು ಸಾಹೇಬರ ಕೋಣೆಯ ಹೊರಗಿನ ಬಾಕಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟಿದ್ದಳು.

ಲಾಲಸಾಬ ಮುಂದಿನ ಟೇಬಲ್ಲಿಗೆ ಹೋದ. ಅಲ್ಲಿ ಮೇಘಾ ಎಂಬ ಗುಮಾಸ್ತೆ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಸರಿಪಡಿಸುತ್ತಿದ್ದಳು.

"ನೀವೂ ರಾವಸಾಹೇಬನ್ನ ಸೋಮವಾರ ನೋಡೀರೇನವಾ?"

"ನೋಡೇನ್ರಿ. ಸೀಟಿನ್ಯಾಗ ಇದ್ರು."

"ಮಾತಾಡಿದ್ರೇನು?"

"ಇಲ್ರಿ. ಸೀಟಿನ್ಯಾಗ ಇದ್ರಲ್ಲ."

"ಅಂಗಿ ಯಾವ ಬಣ್ಣದ್ದು ಹಾಕ್ಕೊಂಡಿದ್ದ?"

ಮೇಘಾ ತಲೆ ಎತ್ತಿ ಯೋಚಿಸಿದಳು. "ಅಂಗಿ ನೆನಪಿಲ್ರಿ. ಕರಿ ಕೋಟಿತ್ತು."

ಸಂಜಯನೂ ಕರಿ ಕೋಟು ಎಂದೇ ಹೇಳಿದ್ದ. ಅದಕ್ಕೂ ಮುಂಚೆ ಮಾತಾಡಿಸಿದವರೂ ಅದನ್ನೇ ಹೇಳಿದ್ದರು. ಒಬ್ಬರಿಗೂ ಅಂಗಿ ನೆನಪಿಲ್ಲ, ಮಾರಿ ನೆನಪಿಲ್ಲ, ಅವನಾಡಿದ ಒಂದು ಮಾತು ನೆನಪಿಲ್ಲ. ಕೋಟು ಮಾತ್ರ ಎಲ್ಲರ ನಾಲಿಗೆಯ ತುದಿಯಲ್ಲೇ ಇತ್ತು. ಲಾಲಸಾಬನಿಗೆ ಇದು ಸರಿಬರಲಿಲ್ಲ. ರಾವಸಾಹೇಬ ತನ್ನ ಮದುವೆಯಲ್ಲಿ ಸೈತ ಕೋಟು ಹಾಕಿಕೊಂಡವನಲ್ಲ. ಅವನ ಹೆಗಲಿಗೆ ಆಗುವಂಥ ಕೋಟು ಇಡೀ ಚಿಕ್ಕೋಡಿ ಪೇಟೆಯಲ್ಲಿ ಸಿಕ್ಕಿರಲಿಲ್ಲ.

ಅವನು ಕಚೇರಿಯ ದೊಡ್ಡ ಹಾಲಿನ ನಡುವೆ ನಿಂತು ಸುತ್ತ ಕಣ್ಣಾಡಿಸಿದ.

ಎಂಥ ಹಾಲು ಅದು! ಮಾಡಿಗೆ ತೂಗುಹಾಕಿದ ಫ್ಯಾನುಗಳೆಲ್ಲ ಗಿರಗಿರ ತಿರುಗುತ್ತಿದ್ದವು, ಕೆಳಗೆ ಗಾಳಿ ತಗೊಳ್ಳಲು ಮನುಷ್ಯರು ಬೆರಳೆಣಿಕೆಯಷ್ಟು. ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟು ಉರಿಯುತ್ತಿದ್ದವು. ಗೋಡೆಯ ಮೂಲೆಮೂಲೆಗೆ ಕ್ಯಾಮೆರಾ ಕೂರಿಸಿದ್ದರು, ಅವು ಕಂಡದ್ದನ್ನು ಹಿಡಿದಿಡುವ ಪೆಟ್ಟಿಗೆಯನ್ನು ಮಾತ್ರ ಇನ್ನೂ ಕೊಂಡಿರಲಿಲ್ಲ. ಅದು ಮುಂದಿನ ಮಾರ್ಚಿಗಂತೆ. ಬಾಗಿಲ ಪಕ್ಕ ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಮಷೀನಿತ್ತು. ಅದಕ್ಕೆ ವಾಯರು ಜೋಡಿಸಿದವರಿಲ್ಲ. ಖಂಡೇನವಮಿಯ ಆಯುಧಪೂಜೆಗೆ ಮಾತ್ರ ತಪ್ಪದೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಕೈ ಮುಗಿಯುತ್ತಿದ್ದರು. ಪಾಪ, ದೇವರೆಂದ ಮೇಲೆ ಅದರ ಕೈಲಿ ಕೆಲಸ ಮಾಡಿಸುವುದು ಹೇಗೆ!

ಮೆಟ್ಟಿಲ ಕೆಳಗೆ ಮುರಿದ ಕುರ್ಚಿಗಳ ರಾಶಿ ಮಾಡು ಮುಟ್ಟಿತ್ತು. ಒಗೆಯಲು ಮೇಲಿನವರ ಮಂಜೂರಿ ಬೇಕು, ಮಂಜೂರಿಗೆ ಕಮಿಟಿ ಬೇಕು, ಕಮಿಟಿ ಕೂತುಕೊಳ್ಳಲು ಕುರ್ಚಿ ಬೇಕು. ಕುರ್ಚಿ ಕಡಿಮೆ ಬಿದ್ದವೆಂದು ಹೊಸವನ್ನು ತರಿಸಿದ್ದರು, ಅವು ಪ್ಲಾಸ್ಟಿಕ್ಕಿನ ಹೊದಿಕೆಯೊಳಗೇ ಧೂಳು ತಿನ್ನುತ್ತಿದ್ದವು.

ಮತ್ತೆ ಬೋಟುಗಳು! ಅವುಗಳ ಸುದ್ದಿ ನೆನೆದರೆ ಲಾಲಸಾಬನ ಮೈ ಉರಿಯುತ್ತಿತ್ತು. ರಬ್ಬರಿನ ಬೋಟುಗಳು ಬಂದದ್ದು ಒಂದು ವರ್ಷ, ಅವಕ್ಕೆ ಮಷೀನು ಬಂದದ್ದು ಮರುವರ್ಷ. ಎರಡನ್ನೂ ಜೋಡಿಸಿ ನೋಡೋಣ ಎಂದು ಯಾರಿಗೂ ಅನಿಸಲಿಲ್ಲ. ಬೋಟುಗಳನ್ನು ಇಲಿ ಕಡಿದವು. ಈ ಸಲ ಹೊಳೆ ಏರಿದಾಗ ದಂಡೆಯ ಮಂದಿ ಹೆಂಗಸರು ಮಕ್ಕಳನ್ನು ಬೆಲ್ಲ ಕುದಿಸುವ ಕಡಾಯಿಯೊಳಗೆ ಕೂರಿಸಿಕೊಂಡು ನೀರು ದಾಟಿದರು. ಸರಕಾರದ ಬೋಟು ಒಣನೆಲದ ಮೇಲೆ, ಜನ ಕಡಾಯಿಯೊಳಗೆ. ಥೂ ನಿಮ್ಮ!

"ಯಾರನ್ನ ಹುಡುಕಾಕತ್ತೀರಿ ಹವಾಲ್ದಾರ್ರ?"

ಚಹಾದ ತಟ್ಟೆ ಹಿಡಿದುಕೊಂಡು ಚನ್ನವ್ವ ಬಂದು ನಿಂತಿದ್ದಳು. ಆ ಕಚೇರಿಯ ಶಿಪಾಯಿ ಅವಳು, ಇನ್ನೇನು ನಿವೃತ್ತಿಗೆ ಬಂದವಳು. ಹಣೆಯ ತುಂಬ ಕುಂಕುಮ, ಬಾಯಿ ತುಂಬ ಎಲೆಅಡಿಕೆ.

ಕಿಟಕಿಯ ಪಕ್ಕದ ಖಾಲಿ ಕುರ್ಚಿಯತ್ತ ಲಾಲಸಾಬ ಬೆರಳು ಮಾಡಿದ. "ಇಲ್ಲಿ ಕೂಡಾವ್ರು ಎಲ್ಲ್ಯದಾರ?"

ಚನ್ನವ್ವ ಬಾಯಿ ತೆರೆಯುವ ಮೊದಲೇ ಸಂಜಯ ಮೊಬೈಲಿನಿಂದ ಕಣ್ಣು ತೆಗೆಯದೆ ಕೂಗಿ ಹೇಳಿದ. "ಅದಾರ್ರಿ, ಸೀಟಿನ್ಯಾಗ ಅದಾರ. ಈಗ ಚಾ ಕುಡ್ಯಾಕ ಹೋಗಿರಬೇಕು."

"ಸೀಟಿನ್ಯಾಗ ಅದಾರೋ, ಚಾ ಕುಡ್ಯಾಕ ಹೋಗ್ಯಾರೋ?"

"ಎರಡೂ ಒಂದಽ ಅಲ್ರೀ. ಕೋಟ್ ಐತಲ್ಲ."

ಕುರ್ಚಿಯ ಬೆನ್ನಿಗೆ ಕಂದು ಬಣ್ಣದ ಒಂದು ಕೋಟು ಜೋತುಬಿದ್ದಿತ್ತು. ಲಾಲಸಾಬ ಪಕ್ಕದ ಕುರ್ಚಿ ನೋಡಿದ. ಅದಕ್ಕೂ ಒಂದು ಕೋಟು. ಅದರಾಚೆಯ ಕುರ್ಚಿಗೂ ಒಂದು. ಎದುರು ಸಾಲಿನಲ್ಲಿ ಬೂದಿ ಬಣ್ಣದ್ದು, ನೀಲಿಯದು, ಗುಂಡಿ ಕಿತ್ತುಹೋದದ್ದು, ತೋಳಿನ ಮೇಲೆ ಹಲ್ಲಿ ಹೇತದ್ದು. ಮಳೆ ಬಿಟ್ಟು ಬಿಸಿಲು ಬಿದ್ದು ಮೈಯೆಲ್ಲ ಬೆವರು ಕಿತ್ತುಬರುವ ದಿನ ಅದು. ಹೊರಗೆ ಮಂದಿ ಅಂಗಿಯ ಗುಂಡಿ ಬಿಚ್ಚಿಕೊಂಡು ಓಡಾಡುತ್ತಿದ್ದರೆ ಇಲ್ಲಿ ಕುರ್ಚಿಗಳೆಲ್ಲ ಕೋಟು ಹಾಕಿಕೊಂಡು ಮದುವೆಗೆ ಹೊರಟಂತೆ ಕೂತಿದ್ದವು.

ಚನ್ನವ್ವನನ್ನು ಮೆಟ್ಟಿಲ ಕಡೆ ಕರೆದುಕೊಂಡು ಹೋಗಿ ಲಾಲಸಾಬ ಸಣ್ಣ ದನಿಯಲ್ಲಿ ಕೇಳಿದ. "ಖರೇ ಹೇಳು ಚನ್ನವ್ವಾ. ಆ ಕಂದು ಕೋಟಿನಾಂವ ಎಲ್ಲಿ ಹೋಗ್ಯಾನ?"

ಚನ್ನವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಸಾಂಗ್ಲಿಗ್ರಿ. ಅಳ್ಯಾನ ಅಂಗಡಿ ಓಪನಿಂಗ್ ಐತಿ. ಮೊನ್ನೆನಽ ಹೋಗ್ಯಾರ."

"ಮತ್ತ ಆ ನೀಲಿ ಕೋಟು?"

"ಅವರು ಬೆಳಗಾವಿದಾಗ ಮನಿ ಕಟ್ಟಸಾಕತ್ತಾರ್ರಿ. ವಾರಕ್ಕೊಮ್ಮೆ ಬಂದು ಮಾರಿ ತೋರಿಸಿ ಹೋಗ್ತಾರ. ಕೋಟು ಇಲ್ಲೇ ಇರ್ತಾವ್ರಿ ಹವಾಲ್ದಾರ್ರ, ಯಾರೂ ಮನಿಗೆ ಒಯ್ಯೂದಿಲ್ಲ. ಯಾರರ ಕೇಳಾಕ ಬಂದ್ರ ಕೋಟ್ ತೋರಸೂದು, ಅದಾರ ಅನ್ನೂದು. ದಿನಾ ಮುಂಜಾನೆ ನಾನಽ ಝಾಡಸ್ತೀನಿ. ಸಾಹೇಬ್ರು ಸೈತ ಹಾಲಿನ್ಯಾಗ ಹಾಯ್ದು ಹೋಗುವಾಗ ಕೋಟಽ ಎಣಿಸಿಕೊಂಡು ಹೋಗ್ತಾರ."

"ರಾವಸಾಹೇಬಂದೂ ಕೋಟ್ ಇತ್ತೇನು?"

"ಇಲ್ರಿ! ಅಂವಾ ಒಬ್ಬಾವನ ಕುರ್ಚಿ ಬರಿಮೈಲೆ ಇರ್ತಿತ್ತು. ನಮ್ಮ ಮಗದುಮ್ ಸಾಹೇಬ್ರು ಅದಕ್ಕ ನಗ್ತಿದ್ರು, ಏ ಕಾಂಬಳೆ, ಒಂದ್ ಕೋಟ್ ಕೊಳ್ಳಾಕೂ ಗತಿ ಇಲ್ಲೇನಲೇ ಅಂತ."

ಲಾಲಸಾಬ ಹಾಲಿನ ತುದಿಯ ಕುರ್ಚಿಯ ಕಡೆ ನೋಡಿದ. ಸ್ಟೋರ್‌ಕೀಪರನ ಕುರ್ಚಿ. ಅದರ ಬೆನ್ನ ಮೇಲೆ ಒಂದು ಕರಿ ಕೋಟು ಇನ್ನೂ ಹಾಗೇ ನೇತಾಡುತ್ತಿತ್ತು. ಯಾರೋ ಅದನ್ನು ಅಲ್ಲಿ ಹಾಕಿದ್ದರು. ಹಾಕಿದವನಿಗೆ ಇಷ್ಟೂ ಮಂದಿಯ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಒಬ್ಬ ಮನುಷ್ಯ ಇಲ್ಲಿ ಇದ್ದ ಎಂದು ಸಾಕ್ಷಿ ಹುಟ್ಟಿಸಲು ಬೇರೆ ಕಡೆಯಾದರೆ ಎಷ್ಟು ಪಾಡು ಪಡಬೇಕು! ಇಲ್ಲಿ ಒಂದು ಹಳೆಯ ಬಟ್ಟೆ ಸಾಕಾಗಿತ್ತು. ಇಡೀ ಕಚೇರಿಯೇ ಅದನ್ನು ನೋಡಿ ದೇವರ ಮೇಲೆ ಆಣೆ ಮಾಡುತ್ತಿತ್ತು.

ಲಾಲಸಾಬ ಕೋಟನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಸಂಜಯ ಗಾಬರಿಯಾಗಿ ಎದ್ದು ನಿಂತ. ಬಂದಾಗಿನಿಂದ ಅವನು ಎದ್ದದ್ದು ಅದೇ ಮೊದಲು.

"ಏ, ಅದನ್ನ ಮುಟ್ಟಬ್ಯಾಡ್ರಿ! ಅದು ಅವರ ಸೀಟಿಂದು!"

"ಹೌದಲ್ಲ, ಮುಟ್ಟಿದ್ರ ರಾವಸಾಹೇಬ ಗೈರಹಾಜರಾಗ್ತಾನ," ಎಂದು ಲಾಲಸಾಬ ಸಾಹೇಬರ ಕೋಣೆಯತ್ತ ನಡೆದು, ಬಾಕಿನ ಮೇಲಿದ್ದ ಸುಂದರಾಳನ್ನು ಕರೆದ. "ಬಾ ತಂಗೆವ್ವಾ, ಒಳಗ ಹೋಗೂಣು."

ವಿಶ್ವಾಸ ಇಂಗಳೆ ಸಾಹೇಬರ ಕೋಣೆ ಒಳ್ಳೆ ತಂಪಾಗಿತ್ತು. ಎರಡು ಎ.ಸಿ. ಇದ್ದವು. ಒಂದು ಕೆಟ್ಟಿತೆಂದು ಇನ್ನೊಂದು ತಂದದ್ದು. ಆಮೇಲೆ ಕೆಟ್ಟದ್ದು ತಾನಾಗಿ ಚಾಲೂ ಆಗಿತ್ತು. ಸಾಹೇಬರು ಚಳಿಗೆ ಶಾಲು ಹೊದ್ದುಕೊಂಡು ಕೂತಿದ್ದರು.

"ಏನ್ರೀ ಹವಾಲ್ದಾರ್, ಇನ್ನೂ ಮುಗೀಲಿಲ್ಲೇನು? ಯಾವ ಅಧಿಕಾರದ ಮ್ಯಾಲ ನನ್ನ ಸ್ಟಾಫಿನ ವಿಚಾರಣಾ ಮಾಡಾಕತ್ತೀರಿ?"

"ಅಧಿಕಾರ ಎಲ್ಲೀದ್ರಿ ಸಾಹೇಬ್ರ. ಈ ನನ್ನ ತಂಗಿ ಸಹಿ ಮಾಡೂ ಮುಂದ ಒಂದೆರಡು ಮಾತು ತಿಳಕೋಬೇಕಾಗಿತ್ತು." ಲಾಲಸಾಬ ಕುರ್ಚಿ ಎಳೆದುಕೊಂಡು ಸುಂದರಾಳನ್ನು ಕೂರಿಸಿದ, ತಾನು ನಿಂತೇ ಇದ್ದ. "ಸೋಮವಾರ ರಾವಸಾಹೇಬನ್ನ ನೀವು ಖುದ್ದ ನೋಡೀರಿ ಅಂತ ದೂರಿನ್ಯಾಗ ಐತಿ."

"ಹೌದು. ಹಾಲ್ ದಾಟಿ ಬರುವಾಗ ನೋಡೇನಿ."

"ಸೀಟಿನ್ಯಾಗ ಇದ್ದ."

"ಸೀಟಿನ್ಯಾಗ ಇದ್ದ."

"ನೀವು ಹಾಯ್ದು ಬರುವಾಗ ಎದ್ದು ನಿಂತ್ನೇನ್ರಿ?"

ಇಂಗಳೆ ಹುಬ್ಬು ಗಂಟಿಕ್ಕಿದರು. ಈ ಪ್ರಶ್ನೆ ಅವರ ಮರ್ಯಾದೆಯ ಪ್ರಶ್ನೆಯಾಗಿತ್ತು. ತಮ್ಮ ಎದುರು ಏಳದೆ ಕೂತ ನೌಕರನಿಗೆ ಅವರು ನೋಟಿಸು ಕೊಡದೆ ಬಿಡುತ್ತಿರಲಿಲ್ಲ. ಬೋಟು ಕೊಳೆತದ್ದಕ್ಕೆ ಯಾರಿಗೂ ನೋಟಿಸು ಹೋಗಿರಲಿಲ್ಲ, ನಮಸ್ಕಾರ ತಪ್ಪಿದ್ದಕ್ಕೆ ಬೇಕಾದಷ್ಟು ಹೋಗಿದ್ದವು.

"ಎದ್ದು ನಿಲ್ಲದಽ ಏನ್ ಮಾಡ್ತಾನ್ರೀ? ಎದ್ದ, ನಮಸ್ಕಾರ ಮಾಡಿದ."

"ಕೋಟ್ ಹಾಕ್ಕೊಂಡಿದ್ನೇನು?"

"ಹಾಕ್ಕೊಂಡಿದ್ದ. ಕರಿ ಕೋಟು. ನನಗ ಛಲೋ ನೆನಪೈತಿ."

"ಗುಂಡಿ ಹಾಕಿದ್ನೋ, ಬಿಚ್ಚಿದ್ನೋ?"

"ಹಾಕಿದ್ದ." ಸಾಹೇಬರಿಗೆ ಈಗ ಹುರುಪು ಬಂದಿತ್ತು. "ಛಂದ ಇನ್‌ಶರ್ಟ್ ಮಾಡಿ, ಕೋಟಿನ ಗುಂಡಿ ಹಾಕ್ಕೊಂಡು ಜಂಟಲ್‌ಮನ್ ಹಂಗ ಇದ್ದ. ಓಡಿಹೋಗಾಂವ ತಯಾರಾಗೇ ಬಂದಿದ್ದ ಅನ್ರಿ."

ಲಾಲಸಾಬ ಹೆಗಲ ಮೇಲಿನ ಕೋಟನ್ನು ತೆಗೆದು ಟೇಬಲ್ಲಿನ ಮೇಲೆ ಹರಡಿದ. "ಇದಽ ಅಲ್ರೀ?"

"ಇದಽ. ಬರೋಬ್ಬರಿ ಇದಽ."

"ತಂಗೆವ್ವಾ, ನೋಡು."

ಸುಂದರಾ ಎದ್ದು ಬಂದಳು. ಮನೆಯಲ್ಲಿ ಹೊಲಿಗೆ ಮಷೀನಿನ ಮೇಲೆ ಊರವರ ಬಟ್ಟೆ ಹೊಲಿದು ಸಂಸಾರಕ್ಕೆ ಹೆಗಲು ಕೊಟ್ಟವಳು. ಕೋಟಿನ ಹೆಗಲಿನಿಂದ ಹೆಗಲಿಗೆ ಗೇಣು ಹಾಕಿ ನೋಡಿದಳು, ತೋಳಿನೊಳಗೆ ಕೈ ತೂರಿಸಿದಳು. ಅವಳ ಬಳೆಯೇ ಒಳಗೆ ಸಿಕ್ಕಿಕೊಂಡಿತು.

"ಇದು ಕಾಲೇಜ್ ಹುಡುಗರ ಮೈಯಿಂದ್ರಿ," ಎಂದಳು. "ನಮ್ಮನಿಯವರಿಗೆ ಅಂಗಿ ಹೊಲಿಯಾಕಽ ಮಂದಿಗಿಂತ ಅರ್ಧಾ ಮೀಟರ್ ಅರಿವಿ ಹೆಚ್ಚ ಬೇಕು. ಈ ತೋಳಿನ್ಯಾಗ ಅವರ ಮುಂಗೈ ಸೈತ ಹೋಗೂದಿಲ್ಲ. ಇದನ್ನ ಹಾಕ್ಕೊಂಡು, ಮ್ಯಾಲ ಗುಂಡಿನೂ ಹಾಕಿದ್ರಂತ?"

ಇಂಗಳೆ ಶಾಲು ಸರಿಮಾಡಿಕೊಂಡರು. ಎ.ಸಿ.ಗಳೆರಡೂ ಗುರುಗುಟ್ಟುತ್ತಿದ್ದವು.

"ನೀವು ನೋಡಿದ್ದು ಕೋಟು," ಎಂದ ಲಾಲಸಾಬ. "ಮನುಷ್ಯಾನ್ನ ನೋಡಿಲ್ಲ. ನಿಮ್ಮ ಹೆಡ್ ಕ್ಲರ್ಕ್ ನೋಡಿಲ್ಲ, ಆ ಹೆಣ್ಮಗಳು ನೋಡಿಲ್ಲ, ಯಾರೂ ನೋಡಿಲ್ಲ. ಅಲ್ರೀ, ಒಬ್ಬ ಮನುಷ್ಯಾನ ಹಣಿಮ್ಯಾಲ ಕಳ್ಳಾ ಅಂತ ಬರಿಯೂ ಮುಂದ ಅವನ ಮಾರಿ ನೋಡೇನೋ ಇಲ್ಲೋ ಅಂತ ಒಮ್ಮೆರ ನಿಮ್ಮನ್ನ ನೀವು ಕೇಳಿಕೋಬಾರದಾ?"

"ಕೋಟ್ ಇತ್ತಲ್ರೀ!" ಇಂಗಳೆ ದನಿ ಏರಿಸಿದರು. "ಕೋಟ್ ಇದ್ದ ಮ್ಯಾಲ ಮನುಷ್ಯಾ ಇರಬೇಕಲ್ಲ? ಇಲ್ಲಿ ಮೊದಲಿಂದ ಇದಽ ಪದ್ಧತಿ ಐತಿ. ನಾ ಹಚ್ಚಿದ ಪದ್ಧತಿ ಅಲ್ಲ. ನಾ ಬರೂಕಿಂತ ಮೊದಲಽ ಇತ್ತು."

"ಹಂಗಾರ ಪಗಾರಾನೂ ಕೋಟಿಗೇ ಕೊಡ್ರಿ. ಪ್ರಮೋಷನ್ನೂ ಕೊಡ್ರಿ. ಬೋಟಿನ ಮಷೀನ್ ಹುಡುಕಾಕ ಒಂದ್ ಜಾಕೀಟ್ ಕಳಸ್ರಿ. ಹೊಳಿ ಬಂದಾಗ ನಾಕ್ ಕೋಟ್ ದಂಡಿ ಮ್ಯಾಲ ಒಣಗಹಾಕಿದ್ರ ಮಂದಿ ಪಾರಾಗ್ತಾರ." ಲಾಲಸಾಬನಿಗೆ ಸಿಟ್ಟು ನೆತ್ತಿಗೇರಿತ್ತು. "ಕಳ್ಳರನ್ನ ಕಂಡೀನ್ರಿ ಸಾಹೇಬ್ರ, ಸುಳ್ಳರನ್ನ ಕಂಡೀನಿ. ಇಷ್ಟು ಮೈಗಳ್ಳ ಸುಳ್ಳು ಕಂಡಿದ್ದಿಲ್ಲ."

ಇಂಗಳೆ ಟೇಬಲ್ಲಿನ ಗಾಜಿನ ಕೆಳಗಿದ್ದ ದೇವರ ಫೋಟೋದ ಮೇಲಿನ ಧೂಳನ್ನು ಶಾಲಿನ ತುದಿಯಿಂದ ಒರೆಸಿದರು. ಆಮೇಲೆ ದನಿ ಇಳಿಸಿ, ಮನೆಯವರ ಹತ್ತಿರ ಮಾತಾಡುವಂತೆ ಮಾತಾಡಿದರು.

"ನೋಡ್ರಿ ಲಾಲಸಾಬ, ತಿಳಕೋರಿ. ಕೋಟ್ ಇದ್ರ ಮನುಷ್ಯಾ ಇದ್ದಂಗಲ್ಲ ಅಂತ ನಾ ಬರಕೊಟ್ರ ಏನಾಗ್ತೈತಿ? ನನ್ನ ಇಡೀ ಆಫೀಸಽ ಗೈರಹಾಜರು ಅಂತ ನಾನಽ ಬರಕೊಟ್ಟಂಗ ಆಗ್ತೈತಿ. ಎಲ್ಲಾರ ನೌಕರಿ ಹೋಗ್ತಾವ. ಒಬ್ಬ ಮನುಷ್ಯಾಂದು ಹೆಂಗರ ಆಗ್ಲಿ, ಆಫೀಸ್ ಉಳೀಬೇಕಲ್ರೀ."

ಅವರು ಇದನ್ನು ಸುಂದರಾಳ ಎದುರೇ ಹೇಳಿದರು. ಅವಳು ಅಲ್ಲಿದ್ದಾಳೆ ಎಂಬ ಖಬರೂ ಅವರಿಗಿರಲಿಲ್ಲ. ಕೋಟಿಲ್ಲದ ಮನುಷ್ಯರು ಅವರ ಕಣ್ಣಿಗೆ ಬೀಳುತ್ತಿರಲಿಲ್ಲವೇನೋ.

"ಸಾಹೇಬ್ರ," ಎಂದಳು ಸುಂದರಾ. "ಒಂದ್ ಮುರಕಾ ಕುರ್ಚಿ ಒಗ್ಯಾಕ ನಿಮಗ ಕಮಿಟಿ ಬೇಕು, ಮಂಜೂರಿ ಬೇಕು. ವರ್ಷಾನುಗಟ್ಟಲೆ ಮೆಟ್ಟಿಲ ಬುಡಕ ಇಟಗೊಂಡು ಕುಂಡ್ರತೀರಿ. ನನ್ನ ಗಂಡನ್ನ ಒಂದಽ ಸಹಿಲೆ ಒಗ್ಯಾಕ ಹೊಂಟೀರಲ್ರೀ. ನಾ ಸಹಿ ಮಾಡೂದಿಲ್ಲ."

ಅವಳು ಸಹಿಗೆಂದು ಇಟ್ಟಿದ್ದ ಪೆನ್ನನ್ನು ಎತ್ತಿ ಅವರ ಕಡೆಗೆ ದೂಡಿದಳು. ಲಾಲಸಾಬ ಬಾಗಿಲು ಪೂರ್ತಿ ತೆರೆದು, ಹಾಲಿನಲ್ಲಿದ್ದವರಿಗೆ ಕೇಳುವಂತೆ ಹೇಳಿದ.

"ಈಗಿಂದೀಗ ಹೊರಗಿನ ಕೋಟಿನ ಮಾಲಕರನ್ನೆಲ್ಲಾ ಕರಸ್ರಿ ಸಾಹೇಬ್ರ. ಬಂದು ತಮ್ಮ ತಮ್ಮ ಕೋಟ್ ಹಾಕ್ಕೊಂಡು ಸಾಲಾಗಿ ನಿಲ್ಲಲಿ. ನಾ ಮೊಬೈಲಿನ್ಯಾಗ ಒಂದ್ ಫೋಟೋ ಹೊಡಕೋತೀನಿ. ಸಾಂಗ್ಲಿದಿಂದ ಬರಾವ್ರು ಬರಲಿ, ಬೆಳಗಾವಿದಾಗ ಮನಿ ಕಟ್ಟಸಾವ್ರು ಬರಲಿ, ನಾ ಕುಂಡ್ರತೀನಿ. ಇಲ್ಲಂದ್ರ ಆ ದೂರು ಹರದು ಹಾಕ್ರಿ, ಸೋಮವಾರ ಅವನನ್ನ ಯಾರೂ ನೋಡಿಲ್ಲ ಅಂತ ಪೊಲೀಸರಿಗೆ ಈಗ ಫೋನ್ ಮಾಡ್ರಿ."

ಹೊರಗೆ ಕ್ರಿಕೆಟ್ಟಿನ ಸದ್ದು ನಿಂತಿತು. ಇಂಗಳೆ ಬಾಗಿಲ ಕಡೆ ನೋಡಿದರು, ಸಂಜಯನ ಖಾಲಿ ಮುಖ ನೋಡಿದರು, ಮತ್ತೆ ಲಾಲಸಾಬನ ಕೈಯಲ್ಲಿದ್ದ ಮೊಬೈಲು ನೋಡಿದರು. ಆಮೇಲೆ ದೂರಿನ ಹಾಳೆಯನ್ನು ಎಳೆದುಕೊಂಡು ಹರಿದರು. ಪೊಲೀಸರಿಗೆ ಫೋನ್ ಮಾಡುವಾಗ ಅವರ ನಾಲಿಗೆ ತೊದಲಿತು, ಆದರೂ ಮಾಡಿದರು. ರಾವಸಾಹೇಬ ಕಾಂಬಳೆ ಸೋಮವಾರ ಕಚೇರಿಗೆ ಬಂದದ್ದನ್ನು ಖಚಿತವಾಗಿ ಯಾರೂ ನೋಡಿಲ್ಲ ಎಂದು ಅವರ ಬಾಯಿಂದಲೇ ಬಂತು.

ಲಾಲಸಾಬ ಕೋಟನ್ನು ಮಡಚಿ ಚೀಲದೊಳಗೆ ಹಾಕಿಕೊಂಡು ಹೊರಬಿದ್ದ. ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅವನಿಗೆ ಬಹಳ ದಿನದ ಮೇಲೆ ಮನಸ್ಸು ಹಗುರಾಗಿತ್ತು. ಗೇಟು ದಾಟಿ ರಸ್ತೆಗೆ ಬಂದ ಮೇಲೆ ತಡೆಯಲಾರದೆ ನಕ್ಕುಬಿಟ್ಟ.

"ನೋಡಿದೇನವಾ ತಂಗೀ, ಸಾಹೇಬನ ಮಾರಿ? ಗೆದ್ದಿವಿ. ಇನ್ನ ನಮ್ಮ ರಾವಸಾಹೇಬಗ ಕಳ್ಳಾ ಅನ್ನೋ ಧಮ್ಮು ಯಾರಿಗೂ ಇಲ್ಲ."

ಸುಂದರಾ ನಗಲಿಲ್ಲ. ಅವಳು ನಡೆಯುವುದನ್ನೇ ನಿಲ್ಲಿಸಿದ್ದಳು.

"ಅಣ್ಣಾರ, ಹಂಗಾರ ಸೋಮವಾರ ಅವರನ್ನ ಯಾರೂ ನೋಡಿಲ್ಲೇನ್ರಿ?"

"ಯಾರೂ ನೋಡಿಲ್ಲ."

"ರವಿವಾರ?"

ನಿಗಾ ಕೇಂದ್ರದ ಬೀಗ ಲಾಲಸಾಬನ ಕಣ್ಣ ಮುಂದೆ ಬಂತು.

"ಶನಿವಾರ ಮುಂಜಾನೆ ನಾ ಬಾಗಲದಾಗ ನಿಂತು ನೋಡಿದ್ದಽ ಕಡೀಕೇನ್ರಿ ಹಂಗಾರ?" ಅವಳ ಕಣ್ಣು ತುಂಬಿದವು. "ಆ ಮಂದಿ ಕಳ್ಳಾ ಕಳ್ಳಾ ಅನ್ನುವಾಗ ನನ್ನ ಕರಳಿಗೆ ಬೆಂಕಿ ಹಚ್ಚಿದಂಗ ಆಗ್ತಿತ್ತು. ಆದ್ರ ಒಂದ್ ಸಮಾಧಾನ ಇತ್ತ್ರಿ. ಸೋಮವಾರದ ಮಟ ಜೀವಂತ ಇದ್ರು, ಇಷ್ಟು ಮಂದಿ ನೋಡ್ಯಾರ ಅನ್ಕೊಂಡಿದ್ನಿ. ಈಗ ಅದೂ ಹೋತಲ್ರೀ."

ಗೆಳೆಯನ ಹೆಸರು ಉಳಿಸಲು ಹೋಗಿ ಗೆಳೆಯ ಬದುಕಿದ್ದಾನೆ ಎಂಬುದಕ್ಕೆ ಇದ್ದ ಸಾಕ್ಷಿಯನ್ನೆಲ್ಲ ಲಾಲಸಾಬ ತಾನೇ ಕೈಯಾರೆ ಅಳಿಸಿ ಬಂದಿದ್ದ. ಇದು ಅವನಿಗೆ ಹೊಳೆದೇ ಇರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸುಂದರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಿದ್ದ ಕೈ ಅರ್ಧಕ್ಕೇ ನಿಂತಿತು.

"ಆದ್ರ ಡಬ್ಬಿ?"

"ಯಾವ ಡಬ್ಬಿ?"

"ಸೋಮವಾರ ಮಧ್ಯಾಹ್ನದ ಊಟದ ಡಬ್ಬಿ. ಆಫೀಸಿನವರು ಮನಿಗೆ ಬಂದು ಒಯ್ದ್ರು. ದಿನಾ ಒಯ್ದಂಗ ಒಯ್ದ್ರು, ಅದಕ್ಕ ನಾ ನಿಮಗ ಹೇಳ್ಲಿಲ್ಲ. ಸೀಟಿನ್ಯಾಗ ಇದ್ದ ಮನುಷ್ಯಾಗ ಡಬ್ಬಿ ಹೋದ್ರ ಅದೇನ್ ಸುದ್ದಿ ಅಂತ ಹೇಳ್ಲಿ?" ಮಾತಾಡುತ್ತ ಅವಳ ದನಿ ಏರಿತು. "ಸಂಜಿಗೆ ಡಬ್ಬಿ ನಮ್ಮ ಕಟ್ಟಿ ಮ್ಯಾಲ ಇತ್ತ್ರಿ. ರೊಟ್ಟಿ, ಝುಣಕಾ ಎಲ್ಲಾ ಖಾಲಿ. ಝುಣಕದಾಗಿನ ಕರಿಬೇವು ಅಷ್ಟು ಆರಿಸಿ ಮುಚ್ಚಳದಾಗ ಸಾಲಾಗಿ ಹಚ್ಚಿ ಇಟ್ಟಿತ್ತು. ಹಂಗ ಇಡಾವರು ಅವರೊಬ್ರಽ ಅಣ್ಣಾರ! ಸೋಮವಾರ ಅವರು ಉಂಡಾರ್ರಿ. ಎಲ್ಲೋ ಕುಂತು ಉಂಡಾರ!"

ಕಚೇರಿಗೆ ಬಾರದ ಮನುಷ್ಯನಿಗೆ ಕಚೇರಿಯಿಂದ ಬಂದು ಡಬ್ಬಿ ಒಯ್ದವರಿದ್ದರು.

"ಒಯ್ದಾವ್ರು ಯಾರು ತಂಗೀ?"

ಸುಂದರಾ ಹಿಂದೆ ತಿರುಗಿ ನೋಡಿದಳು. ಗೇಟು ಹಾಕಲೆಂದು ಚನ್ನವ್ವ ಅಂಗಳ ದಾಟಿ ಬರುತ್ತಿದ್ದಳು.

"ಈ ಚನ್ನಕ್ಕನಽ ಒಯ್ದಾಳ್ರಿ."

ಚನ್ನವ್ವನಿಗೆ ಅದು ಕೇಳಿಸಿತು. ಎಲೆಅಡಿಕೆ ಅಗಿಯುತ್ತಿದ್ದ ಬಾಯಿ ನಿಂತಿತು. ಅವಳು ಕಚೇರಿಯ ಕಿಟಕಿಗಳ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಗೊತ್ತುಮಾಡಿಕೊಂಡು, ಗೇಟಿನ ಸರಪಳಿ ಸುತ್ತಿದಳು.

"ಚನ್ನವ್ವಾ," ಎಂದ ಲಾಲಸಾಬ, "ಆ ಡಬ್ಬಿ ಎಲ್ಲಿಗೆ ಒಯ್ದಿ? ಯಾರು ಕಳಿಸಿದ್ರು ನಿನ್ನ?"

ಚನ್ನವ್ವ ಗೇಟಿನ ಸರಳುಗಳ ಸಂದಿನಿಂದ ಕೈ ಚಾಚಿ ಸುಂದರಾಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

"ನಿಮ್ಮ ಡಬ್ಬಿ ಅಲ್ಲಿಗೆ ಒಂದಽ ದಿನ ಹೋಗೇತ್ರಿ ಅಕ್ಕಾರ. ಅವತ್ತಿನಿಂದ ಅವರಿಗೆ ನಮ್ಮ ಮನಿ ರೊಟ್ಟಿ ಹೊಂಟಾವು," ಎಂದಳು. "ಇನ್ನ ಒಂದ್ ಮಾತೂ ಕೇಳಬ್ಯಾಡ್ರಿ. ಕೇಳಿದ್ರ ನಾಳಿ ಅವೂ ಹೋಗೂದಿಲ್ಲ."